ಮರವಿಪ್ಪ್ ಎಂದು ಬರೆಯಬೇಕಾಗಿದ್ದಲ್ಲಿ

ನಮ್ಮ ಇಲಾಖೆಯ ಫಾರಂಗಳಲ್ಲಿ ರೋಗಿಯ ಹೆಸರಿಗೆ, ತಂದೆಯ ಹೆಸರಿಗೆ, ಮನೆ ಹೆಸರಿಗೆ, ವಾರ್ಡ್ ನಂಬ್ರಕ್ಕೆ ಎಲ್ಲದಕ್ಕೂ ಬೇಕಾದಷ್ಟು ಜಾಗ ಇರುತ್ತದೆ. ಕೊನೆಯಲ್ಲಿ, ಕಾಗದದ ಅಂಚಿಗೆ ತಾಗಿಕೊಂಡು, ‘ಮದ್ದಿನಿಂದ ತೊಂದರೆ’ ಎಂಬ ಒಂದು ಕಾಲಂ. ಅದರ ಅಗಲ ನನ್ನ ಹೆಬ್ಬೆರಳಿನಷ್ಟು. ಮೂವತ್ತು ವರ್ಷ ಆ ಕಾಲಂ ತುಂಬಿಸಿದವಳು ನಾನು. ಮನುಷ್ಯನ ತಲೆ, ಕಣ್ಣು, ಕಿವಿ, ನರ ಎಲ್ಲವೂ ಆ ಹೆಬ್ಬೆರಳಿನೊಳಗೆ ಹಿಡಿಯಬೇಕು. ಈ ಫಾರಂ ಮಾಡಿದವರು ಯಾರೆಂದು ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ಬಸ್ಸು ಹಿಡಿದು ಹೋಗಿ ಅವರ ಕೈಯಿಂದಲೇ ಒಂದು ದಿನ ತುಂಬಿಸುತ್ತಿದ್ದೆ.

ಮನೆಮನೆಗೆ ಹೋಗುವ ಸರ್ಕಾರಿ ನರ್ಸಿನ ಕೆಲಸ ನನ್ನದು. ಹುದ್ದೆಯ ಹೆಸರು ನಡುವೆ ಒಂದೆರಡು ಸಲ ಬದಲಾಯಿತು, ಕೆಲಸ ಬದಲಾಗಲಿಲ್ಲ, ಆದ್ದರಿಂದ ಅದನ್ನು ಬಿಡುತ್ತೇನೆ. ಐವತ್ತಾರಕ್ಕೆ ಮನೆಗೆ ಕಳುಹಿಸುವ ಕೇರಳ ಸರ್ಕಾರ ನನ್ನನ್ನೂ ಎರಡು ವರ್ಷದ ಹಿಂದೆ ಒಂದು ಶಾಲು ಹೊದೆಸಿ ಕಳುಹಿಸಿತು. ಈಗ ನಮ್ಮ ಕುಟುಂಬಾರೋಗ್ಯ ಕೇಂದ್ರಕ್ಕೆ ಹೊಸದಾಗಿ ಸೇರಿದ ಹುಡುಗಿಯರು ದಾರಿಯಲ್ಲಿ ಸಿಕ್ಕಿದರೆ, ಕೆಲಸ ಹೇಗಿತ್ತು ಸಿಸ್ಟರ್ ಎಂದು ಕೇಳುತ್ತಾರೆ. ಬಸ್ಸು ಬರುವಷ್ಟರಲ್ಲಿ ಹೇಳಿ ಮುಗಿಸುವ ವಿಷಯ ಅದಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ನನ್ನ ಬಾಯಿಯ ಸಂಗತಿ ಹೇಳಬೇಕು. ನನ್ನ ಮನೆಮಾತು ಕೊಂಕಣಿ. ಓದಿದ್ದು ಕನ್ನಡ ಮಾಧ್ಯಮ. ದಾರಿಯಲ್ಲಿ ತುಳು, ಅಂಗಡಿಯಲ್ಲಿ ಬ್ಯಾರಿ, ಕಚೇರಿಯಲ್ಲಿ ಮಲಯಾಳ. ನಮ್ಮ ಕಾಸರಗೋಡಿನಲ್ಲಿ ಇದು ದೊಡ್ಡ ವಿಷಯವಲ್ಲ, ಮೀನಿನವನಿಗೂ ನಾಲ್ಕು ಭಾಷೆ ಬರುತ್ತದೆ. ಆದರೆ ಮೀನಿನವನು ಬರೆಯಬೇಕಾಗಿಲ್ಲ. ನಾನು ಬರೆಯಬೇಕಿತ್ತು. ರೋಗಿ ಒಂದು ಭಾಷೆಯಲ್ಲಿ ಹೇಳುತ್ತಾನೆ, ನಾನು ಇನ್ನೊಂದರಲ್ಲಿ ಕೇಳಿಸಿಕೊಳ್ಳುತ್ತೇನೆ, ಮೂರನೆಯದರಲ್ಲಿ ಬರೆಯುತ್ತೇನೆ, ಕೇಂದ್ರದಲ್ಲಿ ಕುಳಿತವರು ಅದನ್ನು ಇಂಗ್ಲಿಷಿಗೆ ಹಾಕುತ್ತಾರೆ. ಕೊನೆಗೆ ಡಾಕ್ಟರಿಗೆ ತಲುಪುವುದು ಯಾರ ತೊಂದರೆಯೋ.

ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಮಂಗಲ್ಪಾಡಿಯ ಕಡೆ ಇದ್ದೆ. ಆಗ ಕ್ಷಯಕ್ಕೆ ಒಂದು ಸಲ ಮದ್ದು ತೆಗೆದುಕೊಂಡು ಮತ್ತೆ ಬಂದವರಿಗೆ ಎರಡು ತಿಂಗಳು ಇಂಜೆಕ್ಷನ್. ದಿನಾ ಸೊಂಟಕ್ಕೆ ಚುಚ್ಚುವುದು. ಕಮಲಕ್ಕ ಎಂಬ ಬೀಡಿ ಕಟ್ಟುವ ಹೆಂಗಸು ಒಬ್ಬರಿದ್ದರು. ಮೂರನೆಯ ವಾರಕ್ಕೆ ಅವರು, ‘ನಡೆಯುವಾಗ ನೆಲ ತೊಟ್ಟಿಲಿನ ಹಾಗೆ ಆಗುತ್ತದೆ, ತಲೆ ತಿರುಗುವುದಲ್ಲ, ನೆಲವೇ ತಿರುಗುವುದು’ ಎಂದರು. ಕಿವಿಯಲ್ಲಿ ಜೀರುಂಡೆ ಕೂಗುತ್ತದೆ ಎಂದೂ ಹೇಳಿದರು. ನಾನು ಅದನ್ನು ನನ್ನ ಮೇಲಿನ ಸಿಸ್ಟರಿಗೆ ಹೇಳಿದೆ. ಅವರು ಇಪ್ಪತ್ತು ವರ್ಷದ ಅನುಭವದ ಕೈಯನ್ನು ಹೀಗೆ ಬೀಸಿ, ಪಿತ್ತ, ಲಿಂಬೆ ಶರಬತ್ತು ಕುಡಿಯಲಿ ಎಂದರು. ನಮ್ಮ ಕಡೆ ಎಲ್ಲ ತಲೆಸುತ್ತೂ ಪಿತ್ತ. ಎದೆನೋವೆಲ್ಲ ಗ್ಯಾಸ್. ಈ ಎರಡು ಶಬ್ದ ಇಲ್ಲದಿದ್ದರೆ ನಮ್ಮ ಇಲಾಖೆಗೆ ಇನ್ನೂ ನಾಲ್ಕು ಡಾಕ್ಟರು ಬೇಕಾಗುತ್ತಿದ್ದರು.

ಕಮಲಕ್ಕ ಶರಬತ್ತು ಕುಡಿದರು, ನಾನು ಚುಚ್ಚಿದೆ. ಎರಡು ತಿಂಗಳು ಪೂರ್ತಿ. ಕ್ಷಯ ಗುಣವಾಯಿತು. ನೆಲ ಸರಿಯಾಗಲಿಲ್ಲ. ಆ ಇಂಜೆಕ್ಷನ್ ಒಳಗಿವಿಯ ನರವನ್ನು ತಿನ್ನುತ್ತದೆ ಎಂದು ನನ್ನ ಓದಿನ ಪುಸ್ತಕದಲ್ಲೇ ಇತ್ತು. ಪರೀಕ್ಷೆಗೆ ಬರೆದು ಅಂಕ ತೆಗೆದುಕೊಂಡಿದ್ದೆ. ಎರಡು ವರ್ಷದ ನಂತರ ಬೇರೆ ಕೆಲಸಕ್ಕೆ ಅವರ ಮನೆಗೆ ಹೋದಾಗ, ಬಚ್ಚಲಿನಿಂದ ಜಗಲಿಯವರೆಗೆ ಗೋಡೆಯಲ್ಲಿ ಹೆಗಲಿನ ಎತ್ತರಕ್ಕೆ ಒಂದು ಕಪ್ಪು ಗೆರೆ ಕಂಡಿತು. ಅವರು ಕೈ ಊರಿಕೊಂಡು ನಡೆಯುವ ದಾರಿ. ಸುಣ್ಣ ಹೊಡೆದರೂ ಒಂದು ತಿಂಗಳಿಗೆ ಪುನಃ ಬರುತ್ತದೆ ಬಾಯಿ ಎಂದು ನಗುತ್ತಾ ಹೇಳಿದರು. ನಮ್ಮ ಕಡೆ ಕ್ರೈಸ್ತರ ಹೆಂಗಸರನ್ನು ಬಾಯಿ ಎಂದೇ ಕರೆಯುವುದು. ನನ್ನನ್ನು ಊರಿಡೀ ಲಿಲ್ಲಿ ಬಾಯಿ ಎನ್ನುತ್ತಿತ್ತು.

ಅಂದಿನಿಂದ ನಾನು ಒಂದು ಪಾಕೆಟ್ ಡೈರಿ ಇಟ್ಟುಕೊಂಡೆ. ರೋಗಿ ಹೇಳಿದ್ದನ್ನು ಹೇಳಿದ ಹಾಗೆಯೇ, ಕನ್ನಡದಲ್ಲಿ ಬರೆಯುವುದು. ಪಿತ್ತ ಎಂದು ಬರೆಯುವುದಿಲ್ಲ, ‘ನೆಲ ತಿರುಗುತ್ತದೆ’ ಎಂದು ಬರೆಯುವುದು. ಇಪ್ಪತ್ತೆಂಟು ಡೈರಿಗಳು ಈಗಲೂ ಬಿಸ್ಕೆಟ್ ಡಬ್ಬಿಯಲ್ಲಿ ಇವೆ. ಇಷ್ಟು ಜಾಗ್ರತೆಯವಳು ಒಂದು ಶಬ್ದದಲ್ಲಿ ಹೇಗೆ ಬಿದ್ದೆ ಎಂಬುದೇ ಮುಂದಿನ ಕತೆ.

ನಡುವೆ ಪದ್ಧತಿಗಳು ಬದಲಾದವು. ಚುಚ್ಚುವುದು ನಿಂತಿತು, ಎಲ್ಲ ಗುಳಿಗೆ ಬಂತು. ರಿಜಿಸ್ಟರ್ ಹೋಗಿ ಕಂಪ್ಯೂಟರ್ ಬಂತು, ಆದರೆ ರಿಜಿಸ್ಟರೂ ಹೋಗಲಿಲ್ಲ. ಮೊದಲು ಒಂದು ಸಲ ಬರೆಯುತ್ತಿದ್ದದ್ದನ್ನು ಮೂರು ಸಲ ಬರೆಯುವಂತಾಯಿತು. ಗಡಿಯ ಕಡೆಯವರಿಗೆಂದು ಒಮ್ಮೆ ಕನ್ನಡ ಫಾರಂ ಕೂಡ ಬಂತು. ಯಾವ ಪುಣ್ಯಾತ್ಮರು ಅನುವಾದಿಸಿದ್ದೋ, ಅದರಲ್ಲಿ ‘ಕೈಕಾಲುಗಳು ಮರ ಆಗುವುದು ಉಂಟೇ?’ ಎಂದಿತ್ತು. ನಾನು ಅದನ್ನು ಇದ್ದ ಹಾಗೆಯೇ ಓದಿದಾಗ ಒಬ್ಬರು ಅಜ್ಜಿ, ‘ಇಲ್ಲ ಮಗಳೇ, ಬೇರು ಮಾತ್ರ ಬಂದಿದೆ’ ಎಂದು ಕಾಲಿನ ಉಬ್ಬಿದ ನರ ತೋರಿಸಿದರು. ಫಾರಂ ಮುಗಿದ ಮೇಲೆ ಮತ್ತೆ ಮಲಯಾಳದ್ದೇ ಬಂತು.

ಇನ್ನು ಅಂದುಚ್ಚ. ರೇಷನ್ ಕಾರ್ಡಿನಲ್ಲಿ ಅಬ್ದುಲ್ಲ. ಸೀತಾಂಗೋಳಿ ಪೇಟೆಯಲ್ಲಿ ಟೈಲರ್. ನನಗಿಂತ ನಾಲ್ಕು ವರ್ಷ ದೊಡ್ಡವರು. ಕಾಲಿನಿಂದ ಮೆಟ್ಟುವ ಹಳೆಯ ಹೊಲಿಗೆ ಮೆಷಿನ್, ಮೋಟಾರ್ ಹಾಕಿಸಿ ಎಂದು ಹತ್ತು ಜನ ಹೇಳಿದರೂ ಕೇಳದವರು. ಮೋಟಾರಿಗೆ ಬಟ್ಟೆಯ ಮಾತು ಕೇಳಿಸುವುದಿಲ್ಲ ಎಂಬುದು ಅವರ ವಾದ. ನನ್ನ ಯೂನಿಫಾರಂ ಕೋಟುಗಳನ್ನೆಲ್ಲ ಅವರೇ ಹೊಲಿದದ್ದು. ನನ್ನ ನಿವೃತ್ತಿಗೆ ಎರಡು ವರ್ಷ ಇರುವಾಗ ಅವರಿಗೆ ಕ್ಷಯ ಬಂತು. ಅದೂ ಸಾಮಾನ್ಯ ಗುಳಿಗೆಗೆ ಬಗ್ಗದ ಜಾತಿಯದು. ಅದಕ್ಕೆ ಬೇರೆಯೇ ಮದ್ದುಗಳು, ತಿಂಗಳುಗಟ್ಟಲೆ. ಅದರಲ್ಲಿ ಲಿನೆಝೋಲಿಡ್ ಎಂಬ ಒಂದು ಆಂಟಿಬಯೋಟಿಕ್. ಒಳ್ಳೆಯ ಮದ್ದು, ಜೀವ ಉಳಿಸುವ ಮದ್ದು. ಆದರೆ ತಿಂಗಳುಗಟ್ಟಲೆ ಹೋದರೆ ಕೆಲವರ ಕಾಲಿನ ನರಕ್ಕೆ, ಇನ್ನು ಕೆಲವರ ಕಣ್ಣಿನ ನರಕ್ಕೆ ಬೀಳುತ್ತದೆ. ಹೊತ್ತಿಗೆ ಸರಿಯಾಗಿ ಕಂಡುಹಿಡಿದು ನಿಲ್ಲಿಸಿದರೆ ಕಣ್ಣು ಹೆಚ್ಚಾಗಿ ವಾಪಸು ಬರುತ್ತದೆ, ಕಾಲು ಪೂರ್ತಿ ಬಾರದೆಯೂ ಇರಬಹುದು. ತಡವಾದರೆ ಎರಡನ್ನೂ ಹೇಳಲಿಕ್ಕಾಗುವುದಿಲ್ಲ. ಇದನ್ನು ನಮಗೆ ತರಬೇತಿಯಲ್ಲಿ ಹೇಳಿದ್ದರು. ಪ್ರತಿ ತಿಂಗಳು ಕೇಳಿ ಬರೆಯಬೇಕು ಎಂದೂ ಹೇಳಿದ್ದರು.

ಮೊದಲ ಎರಡು ತಿಂಗಳು ಅಂಗಡಿ ಮುಚ್ಚಿತ್ತು. ಕಫದಲ್ಲಿ ರೋಗ ಇಲ್ಲವೆಂದಾದ ಮೇಲೆ ತೆರೆದರು. ಮೂರನೆಯ ತಿಂಗಳ ಭೇಟಿಗೆ ಹೋದಾಗ ಅವರು ಮೆಷಿನ್ನಿನಿಂದ ಕಾಲು ತೆಗೆದು, ಪಾದ ಮರಗಟ್ಟಿದ ಹಾಗೆ ಆಗುತ್ತದೆ, ಮೆಟ್ಟಿದ್ದೇ ಗೊತ್ತಾಗುವುದಿಲ್ಲ ಎಂದರು. ನಾನು ಡೈರಿಯಲ್ಲಿ ಅಕ್ಷರಶಃ ಬರೆದೆ. ನಂತರ ಫಾರಂ ತೆಗೆದೆ.

ಮಲಯಾಳದಲ್ಲಿ ಮರಗಟ್ಟುವುದಕ್ಕೆ ಮರವಿಪ್ಪ್ ಎನ್ನುತ್ತಾರೆ. ಮರೆವಿಗೆ ಮರವಿ ಎನ್ನುತ್ತಾರೆ. ಅವರಿಗೆ ರಕಾರ ಎರಡು ಉಂಟು, ಒಂದು ಮೆತ್ತಗಿನದು, ಒಂದು ಒರಟು. ಮೊದಲನೆಯ ಶಬ್ದಕ್ಕೆ ಮೆತ್ತಗಿನ ರ, ಎರಡನೆಯದಕ್ಕೆ ಒರಟು ರ. ನಾವು ಕನ್ನಡದವರು ಆ ಎರಡನೆಯ ರಕಾರವನ್ನು ಯಾವುದೋ ಕಾಲದಲ್ಲೇ ಬಿಟ್ಟುಕೊಟ್ಟವರು. ನಮ್ಮ ಕಿವಿಗೆ ಎರಡೂ ಒಂದೇ. ಮೂವತ್ತು ವರ್ಷ ಮಲಯಾಳ ಬರೆದರೂ, ಯಾವ ರ ಎಂದು ಪ್ರತಿ ಸಲ ಒಂದು ಕ್ಷಣ ನಿಲ್ಲಬೇಕು. ಆ ದಿನ ನಿಲ್ಲಲಿಲ್ಲ. ಮಕ್ಕಳ ಚುಚ್ಚುಮದ್ದಿನ ದಿನ, ಅಂಗನವಾಡಿಯಲ್ಲಿ ಹದಿನೆಂಟು ತಾಯಂದಿರು ಕಾಯುತ್ತಿದ್ದರು. ಹೆಬ್ಬೆರಳಿನ ಅಗಲದ ಕಾಲಂನಲ್ಲಿ ‘ಮರವಿಪ್ಪ್’ ಹಿಡಿಯಲಿಲ್ಲ. ಚಿಕ್ಕದು ಮಾಡಿ ‘ಮರವಿ’ ಎಂದು ಬರೆದೆ, ರಕಾರವನ್ನೂ ಒರಟು ಹಾಕಿದೆ. ಮುಂದೆ ಏನಾಯಿತೆಂದರೆ, ನನ್ನ ಕೈಬರಹ ಚೆಂದವಾಗಿದ್ದದ್ದರಿಂದ ಯಾರಿಗೂ ಸಂಶಯ ಬರಲಿಲ್ಲ.

ಕೇಂದ್ರದಲ್ಲಿ ಕಂಪ್ಯೂಟರಿಗೆ ಹಾಕುವವರು ಪಯ್ಯನ್ನೂರಿನ ಕಡೆಯ ರಾಜನ್. ಒಳ್ಳೆಯ ಮನುಷ್ಯ. ಇದ್ದದ್ದನ್ನು ಇದ್ದ ಹಾಗೆ ಓದಿದರು, ನೆನಪಿನ ಶಕ್ತಿ ಕಡಿಮೆ ಎಂದು ಹಾಕಿದರು. ಡಾಕ್ಟರ್ ಕೊಲ್ಲಂ ಕಡೆಯವರು, ದಿನಕ್ಕೆ ಇನ್ನೂರು ಜನ ನೋಡುವವರು. ಮರೆವಿನ ಮನುಷ್ಯ ಗುಳಿಗೆ ತಪ್ಪಿಸಿದರೆ ಕಷ್ಟ ಎಂದು, ಅಂದುಚ್ಚನ ಹೆಂಡತಿ ಬೀಫಾತುಮ್ಮನನ್ನು ಕರೆಸಿ, ಗುಳಿಗೆ ನಿಮ್ಮ ಕೈಯಿಂದಲೇ ಕೊಡಿ, ನುಂಗಿದ್ದನ್ನು ಕಣ್ಣಾರೆ ನೋಡಿ ಎಂದು ಹೇಳಿದರು. ಆ ಹೆಂಗಸು ಅಂದಿನಿಂದ ದಿನಾ ಬೆಳಿಗ್ಗೆ ಗಂಡನ ಬಾಯಿ ತೆರೆಸಿ ನಾಲಿಗೆಯ ಅಡಿಯನ್ನೂ ನೋಡಿದರು. ಒಂದು ದಿನ ತಪ್ಪಲಿಲ್ಲ. ನಮ್ಮ ಇಡೀ ಬ್ಲಾಕಿನಲ್ಲಿ ಅಷ್ಟು ಕ್ರಮದಲ್ಲಿ ಮದ್ದು ನುಂಗಿದ ರೋಗಿ ಬೇರೊಬ್ಬರಿಲ್ಲ.

ಇದು ಯಾವುದೂ ಆಗ ನನಗೆ ಗೊತ್ತಿರಲಿಲ್ಲ. ನಾನು ಬರೆದದ್ದನ್ನು ಡಾಕ್ಟರ್ ನೋಡಿದ್ದಾರೆ, ಆದರೂ ಮದ್ದು ಮುಂದುವರಿದಿದೆ ಎಂದರೆ ಯೋಚಿಸಿಯೇ ಮುಂದುವರಿಸಿದ್ದಾರೆ ಎಂದುಕೊಂಡೆ. ಹುಡುಗಿಯರೇ, ಇದನ್ನು ಎಂದಿಗೂ ಅಂದುಕೊಳ್ಳಬೇಡಿ. ಮೇಲಿನವರು ಯೋಚಿಸಿದ್ದಾರೆ ಎಂದು ಕೆಳಗಿನವರು, ಕೆಳಗಿನವರು ನೋಡಿದ್ದಾರೆ ಎಂದು ಮೇಲಿನವರು. ನಡುವೆ ಒಬ್ಬ ಮನುಷ್ಯನ ಕಾಲು.

ನಾಲ್ಕನೆಯ ತಿಂಗಳು ಮನೆಗೆ ಹೋದೆ. ಬೀಫಾತುಮ್ಮ ಚಹಾ, ಅಕ್ಕಿರೊಟ್ಟಿಯಂಥ ಪತ್ತಿರಿ ಇಟ್ಟು, ದನಿ ತಗ್ಗಿಸಿ, ಇವರಿಗೆ ಮರೆವು ಶುರುವಾಗಿದೆ ಬಾಯಿ ಎಂದರು. ಪಳ್ಳಿಯಿಂದ ನಮಾಜು ಮುಗಿಸಿ ಬರುವಾಗ ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿ, ಇನ್ನೊಂದನ್ನು ದಾರಿಯಲ್ಲಿ ಬಿಟ್ಟು ಬಂದಿದ್ದಾರೆ. ಒಂದು ಸಲ ಅಲ್ಲ, ಮೂರು ಸಲ. ಒಲೆಯ ಬದಿಯ ಬಿಸಿ ಪಾತ್ರೆಗೆ ಕಾಲು ತಾಗಿಸಿಕೊಂಡು ಕುಳಿತಿದ್ದಾರೆ, ಬೊಕ್ಕೆ ಎದ್ದ ಮೇಲೂ ಎಲ್ಲಿ ತಾಗಿತೆಂದು ನೆನಪಿಲ್ಲ. ಹೇಳಿ ಅವರು ನಕ್ಕರು, ನಾನೂ ನಕ್ಕೆ. ಒಳಗಿನಿಂದ ಅಂದುಚ್ಚ, ‘ಮರೆವಲ್ಲ ಎಂದು ನೂರು ಸಲ ಹೇಳಿದೆ’ ಎಂದು ಕೂಗಿದರು. ಬೀಫಾತುಮ್ಮ, ‘ನೂರು ಸಲ ಹೇಳಿದ್ದೂ ಮರೆತು ನೂರ ಒಂದನೆಯ ಸಲ ಹೇಳುತ್ತಾರೆ’ ಎಂದರು. ಮತ್ತೆ ನಕ್ಕೆವು.

ನಾನು ಆ ತಿಂಗಳ ಫಾರಂನಲ್ಲಿ, ಈ ಸಲ ಸರಿಯಾದ ಅರ್ಥದಲ್ಲೇ, ಮರೆವು ಇದೆ ಎಂದು ಹೆಂಡತಿ ಹೇಳಿದರು ಎಂದು ಬರೆದೆ. ನಾನೇ ಬರೆದ ತಪ್ಪು ರಾಜನ್, ಡಾಕ್ಟರ್, ಬೀಫಾತುಮ್ಮ ಎಂದು ಮೂರು ಮನೆ ಸುತ್ತಿ ನನಗೇ ಸುದ್ದಿಯಾಗಿ ಬಂತು. ಅದನ್ನು ನಾನು ಸಾಕ್ಷಿ ಎಂದು ಪುನಃ ಬರೆದು ಕಳುಹಿಸಿದೆ. ಈಗಲೂ ನೆನಪಾದರೆ ಕೈಯಲ್ಲಿದ್ದ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಇಡುತ್ತೇನೆ.

ಒಬ್ಬ ಮನುಷ್ಯನಿಗೆ ಮರೆವು ಎಂದು ಒಮ್ಮೆ ಹೇಳಿಬಿಟ್ಟರೆ ಮತ್ತೆ ಅವನ ಯಾವ ಮಾತಿಗೂ ಬೆಲೆ ಇಲ್ಲ. ಆ ತಿಂಗಳು ಅಂದುಚ್ಚ ಹೇಳಿದ್ದನ್ನೆಲ್ಲ ಹೀಗೆಯೇ ತಳ್ಳಿದೆವು. ಕಣ್ಣಿನ ಪರೀಕ್ಷೆಗೆ ದೊಡ್ಡ ಆಸ್ಪತ್ರೆಗೆ ಹೋಗಬೇಕಿತ್ತು. ಅಂದುಚ್ಚ ಹೋದ ದಿನ ಕಣ್ಣಿನ ಡಾಕ್ಟರ್ ರಜೆ. ಮುಂದಿನ ವಾರ ಬನ್ನಿ ಎಂದದ್ದನ್ನು ಅವರು ಹೇಳಿದರೆ, ಹೇಳಿದ ದಿನ ಮರೆತು ಬೇರೆ ದಿನ ಹೋಗಿರಬೇಕು ಎಂದು ನಾವೇ ನಿರ್ಧರಿಸಿದೆವು.

ಐದನೆಯ ತಿಂಗಳು, ಶಾಲೆ ತೆರೆಯುವ ಮೊದಲಿನ ವಾರಗಳು. ಟೈಲರುಗಳಿಗೆ ತಲೆ ಎತ್ತಲಿಕ್ಕೆ ಹೊತ್ತಿಲ್ಲದ ಕಾಲ. ನನ್ನ ತಂಗಿಯ ಮಗಳ ಮದುವೆ ಇತ್ತು. ಮುನ್ನಾದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ರೋಸಿಗೆ ಉಡುವ ಸೀರೆಗೆ ಒಂದು ಕಡುಗೆಂಪು ರವಿಕೆ ಹೊಲಿಯಲು ಕೊಟ್ಟಿದ್ದೆ. ಶನಿವಾರ ಮಧ್ಯಾಹ್ನ ತಂದು ಮನೆಯಲ್ಲಿ ಬಿಡಿಸಿ ನೋಡಿದರೆ ಕೈ, ಕುತ್ತಿಗೆ, ಎಲ್ಲ ಅಂಚಿಗೂ ಕಾಫಿ ಬಣ್ಣದ ನೂಲು. ಹೊಲಿಗೆ ಎಂದಿನ ಹಾಗೆ ನೇರ, ನೂಲು ಮಾತ್ರ ಕಾಫಿ. ಅದೇ ಚೀಲ ಹಿಡಿದು ಅಂಗಡಿಗೆ ಹೋದೆ. ಜಗಳ ಮಾಡಲಿಕ್ಕೇ ಹೋದದ್ದು, ಸುಳ್ಳು ಯಾಕೆ ಹೇಳಬೇಕು.

ಅಂಗಡಿಯಲ್ಲಿ ಅವರೊಬ್ಬರೇ. ಗೋಡೆಗೆ ನೀಲಿ ಲಂಗಗಳ ಸಾಲು. ನಾನು ರವಿಕೆಯನ್ನು ಮೇಜಿನ ಮೇಲೆ ಹರಡಿದೆ.

“ಇದು ಎಂತ ಅಂದುಚ್ಚ? ನಾನು ಮದುವೆಗೆ ಹೋಗಬೇಕಾ, ಬೇಡವಾ?”

“ಎಂತ ಆಯ್ತು ಬಾಯಿ?”

“ಕೆಂಪಿಗೆ ಕಾಫಿ ನೂಲು ಹಾಕಿದ್ದೀರಿ. ಕೆಂಪು ನೂಲು ತರಲಿಕ್ಕೆ ಮರೆತುಹೋಯ್ತಾ?”

ಅವರು ರವಿಕೆಯನ್ನು ಎತ್ತಿಕೊಂಡು ಬಾಗಿಲಿಗೆ ಬಂದರು. ಬಿಸಿಲಿಗೆ ಹಿಡಿದರು. ಕನ್ನಡಕ ತೆಗೆದು ಒರೆಸಿ ಪುನಃ ನೋಡಿದರು. ಮೂವತ್ತೈದು ವರ್ಷ ನೂಲು ನೋಡಿದ ಕಣ್ಣು.

“ಒಂದೇ ಬಣ್ಣ ಅಲ್ವಾ ಬಾಯಿ?” ಎಂದರು.

ನನ್ನ ಜಗಳ ಅಲ್ಲಿಗೇ ನಿಂತಿತು. ಮರೆತವನು ‘ಹೌದಲ್ಲ, ಮರೆತೆ’ ಎನ್ನುತ್ತಾನೆ. ಇವರು ಕಣ್ಣೆದುರು ಹಿಡಿದುಕೊಂಡು ಒಂದೇ ಎನ್ನುತ್ತಿದ್ದಾರೆ. ನಾನು ನೂಲಿನ ಪೆಟ್ಟಿಗೆ ತೆಗೆದು ಕೆಂಪು, ಕಾಫಿ, ಕಡುಹಸಿರು ಮೂರು ಉಂಡೆ ಮೇಜಿನ ಮೇಲೆ ಇಟ್ಟೆ. ಕೆಂಪು ಯಾವುದು ಎಂದು ಕೇಳಿದೆ. ಅವರು ತುಂಬ ಹೊತ್ತು ನೋಡಿ, ಉಂಡೆಯ ತುದಿಯ ಚೀಟಿಯನ್ನು ಓದಲು ಕೈ ಚಾಚಿದರು. ಚೀಟಿ ಇಲ್ಲದೆ ಎಂದೆ. ಕೈ ಹಿಂದೆ ತೆಗೆದುಕೊಂಡು ಕುಳಿತುಬಿಟ್ಟರು. ಎಲ್ಲದರ ಮೇಲೂ ಹೊಗೆ ಕುಳಿತ ಹಾಗೆ ಕಾಣುತ್ತದೆ, ಬೀಫಾತು ಹತ್ತಿರ ಹೇಳಿದರೆ ನೂಲು ಎಲ್ಲಿಟ್ಟೆ ಎಂದು ಮರೆತು ಈ ಕತೆ ಕಟ್ಟುತ್ತೀರಿ ಎನ್ನುತ್ತಾಳೆ ಎಂದರು.

ಆಗ ನನಗೆ ಚಪ್ಪಲಿ ನೆನಪಾಯಿತು. ದಾರಿಯಲ್ಲಿ ಚಪ್ಪಲಿ ಬಿಟ್ಟು ಬಂದದ್ದು ಮರೆತಾ ಎಂದು ಕೇಳಿದೆ.

“ಮರೆಯಲಿಕ್ಕೆ ಮೊದಲು ಗೊತ್ತಾಗಬೇಕಲ್ಲ ಬಾಯಿ,” ಎಂದರು. “ಕಾಲಿನಿಂದ ಬಿದ್ದದ್ದೇ ಗೊತ್ತಾಗಲಿಲ್ಲ. ನಾನು ಮೂರನೇ ತಿಂಗಳೇ ನಿಮಗೆ ಹೇಳಿದ್ದು. ಮರಗಟ್ಟಿದೆ ಎಂದು.”

ಅಂಗಡಿಯ ಮೂಲೆಯಲ್ಲಿ ಗುಡಿಸುವ ಹಿಡಿಸೂಡಿ ಇತ್ತು. ಅದರಿಂದ ಒಂದು ಕಡ್ಡಿ ಎಳೆದುಕೊಂಡೆ. ಸ್ಟೂಲಿನ ಮೇಲೆ ಕಾಲಿಡಿ, ಕಣ್ಣು ಮುಚ್ಚಿ, ನಾನು ಮುಟ್ಟಿದಾಗೆಲ್ಲ ಹೇಳಿ ಎಂದೆ. ಹೆಬ್ಬೆರಳಿಗೆ ಮುಟ್ಟಿಸಿದೆ. ಮಾತಿಲ್ಲ. ಉಳಿದ ನಾಲ್ಕು ಬೆರಳಿಗೆ ಒಂದೊಂದಾಗಿ ಮುಟ್ಟಿಸಿದೆ. ಅಂಗಾಲಿಗೆ ಸ್ವಲ್ಪ ಒತ್ತಿಯೇ ಎಳೆದೆ, ಚರ್ಮದಲ್ಲಿ ಬಿಳಿ ಗೆರೆ ಎದ್ದಿತು. ಅಂದುಚ್ಚ ಕಣ್ಣು ಮುಚ್ಚಿ, ಪರೀಕ್ಷೆಗೆ ಕುಳಿತ ಮಕ್ಕಳ ಹಾಗೆ ತುಂಬ ಗಮನ ಇಟ್ಟು ಕಾಯುತ್ತಿದ್ದರು.

“ಶುರು ಮಾಡಿ ಬಾಯಿ,” ಎಂದರು.

ನಾನು ಮನೆಗೆ ಹೋಗಲಿಲ್ಲ. ಅಂಗಡಿಯ ಬೆಂಚಿನಲ್ಲೇ ಕುಳಿತು ಚೀಲದಿಂದ ಡೈರಿ ತೆಗೆದೆ. ಮೂರನೆಯ ತಿಂಗಳ ಪುಟದಲ್ಲಿ ಕನ್ನಡದಲ್ಲಿ ಸರಿಯಾಗಿಯೇ ಇತ್ತು: ಪಾದ ಮರಗಟ್ಟುತ್ತದೆ, ಮೆಟ್ಟಿದ್ದು ಗೊತ್ತಾಗುವುದಿಲ್ಲ. ಹಾಗಾದರೆ ಡಾಕ್ಟರಿಗೆ ಹೋದದ್ದು ಎಂತ ಎಂದು ರಾಜನಿಗೆ ಫೋನ್ ಮಾಡಿದೆ. ಅವರು ಕೇಂದ್ರದಲ್ಲೇ ಇದ್ದರು, ಹಳೆಯ ಫಾರಂ ತೆಗೆದು ಓದಿದರು. ಫೋನಿನಲ್ಲಿ ಆ ಒರಟು ರಕಾರ ಎಷ್ಟು ಸ್ಪಷ್ಟವಾಗಿ ಕೇಳಿತೆಂದರೆ, ನಾನು ಮೂವತ್ತು ವರ್ಷದಲ್ಲಿ ಮೊದಲ ಸಲ ಅದನ್ನು ಕೇಳಿದೆ.

ಮರುದಿನ ಭಾನುವಾರ. ಬೆಳಿಗ್ಗೆ ಏಳಕ್ಕೆ ಬೀಫಾತುಮ್ಮ ಗುಳಿಗೆ ಹಿಡಿದು ನಿಲ್ಲುತ್ತಾರೆ. ಮದ್ದು ನಿಲ್ಲಿಸುವ ಅಧಿಕಾರ ನನಗಿಲ್ಲ. ಇರಲೂ ಬಾರದು. ನನ್ನಂಥವರು ನಿಲ್ಲಿಸಿದ ಮದ್ದಿನಿಂದ ಸತ್ತವರೂ ಉಂಟು. ಡಾಕ್ಟರಿಗೆ ಫೋನ್ ಮಾಡಿದೆ. ಅವರು ಊರಿಗೆ ಹೋಗುವ ರೈಲಿನಲ್ಲಿದ್ದರು. ಎರಡು ಸಲ ಕಟ್ಟಾಯಿತು. ಮೂರನೆಯ ಸಲ ನಾನು ಕಣ್ಣು, ಕಾಲು ಎಲ್ಲ ಹೇಳಿದೆ. ಮಾತು ಮಲಯಾಳದಲ್ಲೇ ನಡೆಯಿತು.

“ಆ ರೋಗಿಗೆ ನೆನಪಿನ ತೊಂದರೆ ಉಂಟಲ್ಲ ಸಿಸ್ಟರ್? ಅವರು ಹೇಳಿದ್ದನ್ನು ಎಷ್ಟು ನಂಬುವುದು?” ಎಂದು ಡಾಕ್ಟರ್ ಕೇಳಿದರು.

“ಆ ಮರವಿ ಅವರದ್ದಲ್ಲ ಡಾಕ್ಟರ್,” ಎಂದೆ. “ನನ್ನದು. ಮರವಿಪ್ಪ್ ಎಂದು ಬರೆಯಬೇಕಾಗಿದ್ದಲ್ಲಿ ಮರವಿ ಎಂದು ಬರೆದವಳು ನಾನು. ಎರಡು ತಿಂಗಳಾಯಿತು.”

ಡಾಕ್ಟರ್ ಮತ್ತೆ ನೆನಪಿನ ಮಾತು ಎತ್ತಲಿಲ್ಲ. ಲಿನೆಝೋಲಿಡ್ ಒಂದನ್ನು ಮಾತ್ರ ನಿಲ್ಲಿಸಿ, ಬೇರೆ ಯಾವುದನ್ನೂ ಮುಟ್ಟಬೇಡಿ, ಸೋಮವಾರ ಬೆಳಿಗ್ಗೆ ನಾನೇ ದೊಡ್ಡ ಆಸ್ಪತ್ರೆಗೆ ಹೇಳುತ್ತೇನೆ, ನೀವು ಜೊತೆಗೆ ಹೋಗಿ ಎಂದರು. ನಾನು ಬೀಫಾತುಮ್ಮನಲ್ಲಿಗೆ ಹೋಗಿ ಆ ಗುಳಿಗೆಯ ಸ್ಟ್ರಿಪ್ಪುಗಳನ್ನು ನನ್ನ ಚೀಲಕ್ಕೆ ಹಾಕಿಕೊಂಡೆ.

ಸೋಮವಾರ ಕಣ್ಣಿನ ಡಾಕ್ಟರ್ ಚುಕ್ಕೆಚುಕ್ಕೆಯ ಚಿತ್ರಗಳ ಪುಸ್ತಕ ತೋರಿಸಿದರು. ಆ ಚುಕ್ಕೆಗಳ ನಡುವೆ ಅಂಕೆ ಅಡಗಿರುತ್ತದೆ. ಅಂದುಚ್ಚನಿಗೆ ಮೊದಲ ಪುಟದ್ದು ಬಿಟ್ಟು ಬೇರೆ ಕಾಣಲಿಲ್ಲ. ಕಣ್ಣಿನ ನರಕ್ಕೆ ಬಿದ್ದಿದೆ, ಇನ್ನೂ ಒಂದೆರಡು ತಿಂಗಳು ಹೋಗಿದ್ದರೆ ಇಷ್ಟೂ ಉಳಿಯುತ್ತಿತ್ತೋ ಇಲ್ಲವೋ ಎಂದರು. ಕ್ಷಯದ ದೊಡ್ಡ ಡಾಕ್ಟರುಗಳು ಕುಳಿತು ಬೇರೆ ಮದ್ದುಗಳ ಕ್ರಮ ಬದಲಿಸಿದರು.

ಸತ್ಯವನ್ನು ಗಂಡ ಹೆಂಡತಿ ಇಬ್ಬರಿಗೂ ನಾನೇ ಹೇಳಿದೆ. ಯಾರೂ ಹೇಳು ಎಂದು ಒತ್ತಾಯಿಸಲಿಲ್ಲ. ಬದಲಿಗೆ ಎಲ್ಲರೂ ಬೇಡ ಎಂದರು. ಸೈಡ್ ಎಫೆಕ್ಟ್ ಹೇಗೂ ಪುಸ್ತಕದಲ್ಲೇ ಉಂಟು, ಸಿಸ್ಟರ್ ಸುಮ್ಮನೆ ಯಾಕೆ ಮೈಮೇಲೆ ಎಳೆದುಕೊಳ್ಳುತ್ತೀರಿ ಎಂದು ಮೇಲ್ವಿಚಾರಕರೇ ಹೇಳಿದರು. ನನಗೆ ಒಂದು ಮೆಮೋ ಕೂಡ ಬರಲಿಲ್ಲ. ಬಂದಿದ್ದರೆ ಸ್ವಲ್ಪ ಸಮಾಧಾನ ಆಗುತ್ತಿತ್ತು. ಬಂದದ್ದು ಮುಂದಿನ ತಿಂಗಳು ಒಂದು ತರಬೇತಿ. ವಿಷಯ, ರೋಗಿಗಳೊಂದಿಗೆ ಮಾತನಾಡುವುದು ಹೇಗೆ. ಮಧ್ಯಾಹ್ನ ಬಿರಿಯಾನಿ.

ಅಂದುಚ್ಚ ಟೇಪನ್ನು ಕುತ್ತಿಗೆಯಿಂದ ತೆಗೆದು ಬೆರಳಿಗೆ ಸುತ್ತಿದರು, ಬಿಚ್ಚಿದರು. ಬೀಫಾತುಮ್ಮ ಮಾತ್ರ ನನ್ನನ್ನು ಬಿಡಲಿಲ್ಲ. “ನಾಲಿಗೆ ಎತ್ತಿಸಿ ನೋಡಿದೆ ಬಾಯಿ,” ಎಂದರು. “ಎರಡು ತಿಂಗಳು. ಕಾಲು ಸುಟ್ಟ ದಿನವೂ ಬೈದು ನುಂಗಿಸಿದೆ. ನಿಮ್ಮ ಒಂದು ಅಕ್ಷರಕ್ಕೆ.” ಅದರ ನಂತರ ಆರು ತಿಂಗಳು ಆ ಮನೆಗೆ ಹೋದಾಗಲೆಲ್ಲ ಕುರ್ಚಿ ಸಿಗುತ್ತಿತ್ತು, ಚಹಾ ಸಿಗುತ್ತಿರಲಿಲ್ಲ. ನಾನು ಹೋಗುವುದನ್ನು ಬಿಡಲಿಲ್ಲ.

ದಾಖಲೆಯನ್ನಾದರೂ ಸರಿ ಮಾಡೋಣವೆಂದು ರಾಜನ ಹತ್ತಿರ ಕುಳಿತೆ. ಮರೆವು ಎಂಬುದನ್ನು ಅಳಿಸಿ ಎಂದೆ. ಕಂಪ್ಯೂಟರ್ ಅಳಿಸಲಿಕ್ಕೆ ಬಿಡುವುದಿಲ್ಲವಂತೆ. ಹೊಸದನ್ನು ಕೆಳಗೆ ಸೇರಿಸಬಹುದು, ಹಳೆಯದು ಹಾಗೆಯೇ ಇರುತ್ತದೆ. ಮೇಲಿನವರಿಗೆ ಎರಡು ಕಾಗದ ಬರೆದೆ. ಉತ್ತರ ಇನ್ನೂ ಬಂದಿಲ್ಲ. ಮನುಷ್ಯರಿಗೆ ಮರೆವು, ಕಂಪ್ಯೂಟರಿಗೆ ಅದೂ ಇಲ್ಲ.

ಅಂದುಚ್ಚನ ಕ್ಷಯ ಪೂರ್ತಿ ಗುಣವಾಯಿತು. ಕಣ್ಣು ಮೂರು ನಾಲ್ಕು ತಿಂಗಳಲ್ಲಿ ಹೆಚ್ಚುಕಡಿಮೆ ವಾಪಸು ಬಂತು. ಸಂಜೆಯಾದರೆ ಕೆಂಪು ಮತ್ತು ಕಾಫಿ ಈಗಲೂ ಜಗಳ ಮಾಡುತ್ತವಂತೆ, ಅದಕ್ಕೆ ಬಣ್ಣದ ಕೆಲಸ ಮಧ್ಯಾಹ್ನದೊಳಗೆ ಮುಗಿಸುತ್ತಾರೆ. ಕಾಲು ಪೂರ್ತಿ ಬರಲಿಲ್ಲ. ಮೆಟ್ಟುವ ಮೆಷಿನ್ನಿಗೆ ಕೊನೆಗೂ ಮೋಟಾರ್ ಬಂತು. ಚಪ್ಪಲಿಗೆ ಹಿಮ್ಮಡಿಯ ಹಿಂದಿನಿಂದ ತಾವೇ ಒಂದು ಪಟ್ಟಿ ಹೊಲಿದುಕೊಂಡಿದ್ದಾರೆ.

ಹುಡುಗಿಯರೇ, ಬುದ್ಧಿವಾದ ಒಂದೇ. ರೋಗಿ ಹೇಳಿದ್ದನ್ನು ಅವನದೇ ಭಾಷೆಯಲ್ಲಿ, ಅವನದೇ ಶಬ್ದದಲ್ಲಿ ಮೊದಲು ಬರೆಯಿರಿ. ಕಾಲಂ ಸಾಲದಿದ್ದರೆ ಕಾಗದದ ಹಿಂಬದಿಗೆ ಬರೆಯಿರಿ. ಈಗ ನಿಮಗೆ ಕೊಟ್ಟ ಯಂತ್ರದಲ್ಲಿ ಬರೆಯಲಿಕ್ಕೇ ಇಲ್ಲ, ಟಿಕ್ ಹಾಕುವುದು ಮಾತ್ರ ಎಂದು ಕೇಳಿದೆ. ಹಾಗಾದರೆ ಕೈಯಲ್ಲಿ ಬರೆದು ಡಾಕ್ಟರ ಮೇಜಿನ ಮೇಲೆ ಇಡಿ, ಅವರು ಓದಿ ತಲೆ ಎತ್ತುವವರೆಗೆ ಅಲ್ಲಿಂದ ಏಳಬೇಡಿ.

ಕಳೆದ ವಾರ ಒಂದು ರವಿಕೆ ಹಿಡಿದು ಸೀತಾಂಗೋಳಿಗೆ ಹೋಗಿದ್ದೆ. ಬಾಗಿಲಲ್ಲಿ ನಿಂತದ್ದೇ ಅಂದುಚ್ಚ ಕನ್ನಡಕದ ಮೇಲಿನಿಂದ ನೋಡಿ, “ಯಾರು? ಗೊತ್ತಾಗಲಿಲ್ಲ ಮಾರಾಯ್ತಿ. ನನಗೆ ಮರವಿ ಉಂಟಲ್ಲ, ಸರ್ಕಾರದ ಕಂಪ್ಯೂಟರಿನಲ್ಲೇ ಉಂಟು,” ಎಂದರು. ಅದಕ್ಕೆ ನಾನು ಪ್ರತಿ ಸಲ ಬೈಯುತ್ತೇನೆ, ಅವರು ಪ್ರತಿ ಸಲ ಹೇಳುತ್ತಾರೆ. ಒಳಗೆ ಬೀಫಾತುಮ್ಮ ಇದ್ದರು, ಊಟದ ಬುತ್ತಿ ತಂದಿದ್ದರು. ಫ್ಲಾಸ್ಕಿನಿಂದ ಎರಡು ಲೋಟಕ್ಕೆ ಚಹಾ ಬಗ್ಗಿಸಿದರು. ಒಂದನ್ನು ನನ್ನ ಕಡೆ ತಳ್ಳಿದರು.

ಅಂದುಚ್ಚ ಕೇಳದೆಯೇ ಕಾಲನ್ನು ಸ್ಟೂಲಿನ ಮೇಲಿಟ್ಟು ಕಣ್ಣು ಮುಚ್ಚಿದರು. ಇದೂ ಪ್ರತಿ ಸಲ. ಮೂಲೆಯ ಹಿಡಿಸೂಡಿಯಿಂದ ಕಡ್ಡಿ ಎಳೆದುಕೊಂಡೆ. ಹೆಬ್ಬೆರಳಿಗೆ ಮುಟ್ಟಿಸಿದೆ, ಇಲ್ಲ. ಉಳಿದ ಬೆರಳುಗಳು, ಇಲ್ಲ. ಅಂಗಾಲಿನ ನಡುವೆ, ಅದು ಹೋದ ವರ್ಷದಿಂದ ಗೊತ್ತಾಗುತ್ತದೆ. ಅಲ್ಲಿಂದ ಮುಂದಕ್ಕೆ, ಹೆಬ್ಬೆರಳಿನ ಬುಡಕ್ಕೆ ತಂದು ಮೆಲ್ಲಗೆ ಒತ್ತಿದೆ. ಹೊರಗೆ ಕುಂಬಳೆಯ ಬಸ್ಸು ಹಾರ್ನ್ ಹಾಕಿತು, ನನ್ನದು ಅದೇ ಬಸ್ಸು.

“ಅಲ್ಲಿ,” ಎಂದರು.

ಬಸ್ಸು ಹೋಗಲಿ ಎಂದು ಬಿಟ್ಟು, ಡೈರಿ ತೆಗೆದು ಬರೆದುಕೊಂಡೆ: ಎಡಗಾಲು, ಹೆಬ್ಬೆರಳಿನ ಬುಡ, ಗೊತ್ತಾಯಿತು.